ಆಟಕ್ಕುಂಟು, ಲೆಕ್ಕಕ್ಕಿಲ್ಲ

ಸಂಚಾರ ಎಂಜಿನಿಯರುಗಳ ಹತ್ತಿರ ಒಂದು ವಿಚಿತ್ರ ಅಳತೆಗೋಲಿದೆ. ಅದರ ಹೆಸರು ಪಿಸಿಯು, ಅಂದರೆ ಪ್ಯಾಸೆಂಜರ್ ಕಾರ್ ಯೂನಿಟ್. ರಸ್ತೆಯಲ್ಲಿ ಹೋಗುವ ಪ್ರತಿಯೊಂದನ್ನೂ ಕಾರಿನ ಲೆಕ್ಕಕ್ಕೆ ಇಳಿಸಿ ಎಣಿಸುವ ಕ್ರಮ ಇದು. ಕಾರು ಒಂದು. ಸೈಕಲ್ಲು ಹೆಚ್ಚುಕಡಿಮೆ ಅರ್ಧ. ಬಸ್ಸು ಸುಮಾರು ಎರಡರಿಂದ ಮೂರೂಮುಕ್ಕಾಲು. ಬಸ್ಸಿನಲ್ಲಿ ಅರವತ್ತು ಜನ ಜೋತುಬಿದ್ದಿದ್ದರೂ ಅದರ ಬೆಲೆ ಅಷ್ಟೇ, ಕಾರಿನಲ್ಲಿ ಒಬ್ಬರೇ ಕೂತಿದ್ದರೂ ಅದರ ಬೆಲೆ ಒಂದೇ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಎಂಜಿನಿಯರುಗಳ ಸಂಸ್ಥೆ ಪ್ರಕಟಿಸಿರುವ ಈ ಪಟ್ಟಿಯಲ್ಲಿ ಟಾಂಗಾಕ್ಕೂ ಒಂದು ಸಂಖ್ಯೆಯಿದೆ, ತಳ್ಳುವ ಗಾಡಿಗೂ ಇದೆ. ಕೈಬೀಸಿಕೊಂಡು ನಡೆದುಹೋಗುವ ಮನುಷ್ಯನಿಗೆ ಮಾತ್ರ ಇಲ್ಲ.

ರಸ್ತೆ ಎಷ್ಟು ಅಗಲವಿರಬೇಕು, ಎಲ್ಲಿ ಮೇಲ್ಸೇತುವೆ ಬೇಕು, ಯಾವ ಸಿಗ್ನಲ್‌ಗೆ ಎಷ್ಟು ಸೆಕೆಂಡ್ ಹಸಿರು ಕೊಡಬೇಕು ಎಂಬ ತೀರ್ಮಾನಗಳೆಲ್ಲ ಹುಟ್ಟುವುದು ಈ ಎಣಿಕೆಯಿಂದ. ಕುಂಟೆಬಿಲ್ಲೆಗೋ ಕಣ್ಣಾಮುಚ್ಚಾಲೆಗೋ ಪುಟ್ಟ ತಮ್ಮ ಅಳುತ್ತ ಬಂದರೆ ದೊಡ್ಡ ಮಕ್ಕಳು ಅವನನ್ನು ಸೇರಿಸಿಕೊಂಡು, ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂದು ಪರಸ್ಪರ ಕಣ್ಣು ಮಿಟುಕಿಸುತ್ತಾರಲ್ಲ, ನಮ್ಮ ನಗರಗಳು ಪಾದಚಾರಿಯನ್ನು ಇಟ್ಟುಕೊಂಡಿರುವುದು ಹಾಗೆ. ಸೈಕಲ್ಲಿನವನ ಸ್ಥಿತಿ ಅದಕ್ಕಿಂತ ಅರ್ಧದಷ್ಟು ವಾಸಿ!

ಪಾದಚಾರಿಗಳಿಗೆಂದೇ ಪ್ರತ್ಯೇಕ ಮಾರ್ಗಸೂಚಿ ಇದೆ ಎಂದು ಯಾರಾದರೂ ಎಂಜಿನಿಯರ್ ಮಿತ್ರರು ಆಕ್ಷೇಪಿಸಬಹುದು. ಇದೆ, ಒಳ್ಳೆಯದೇ ಇದೆ. ಆದರೆ ಜೀಬ್ರಾ ಕ್ರಾಸಿಂಗ್ ಎಲ್ಲಿ ಬೇಕೆಂದು ನಿರ್ಧರಿಸಲು ದಶಕಗಳಿಂದ ಬಳಸುತ್ತ ಬಂದ ಸೂತ್ರವನ್ನು ನೋಡಿ. ಅದು ಬ್ರಿಟನ್ನಿನಿಂದ ಬಂದದ್ದು. ಗಂಟೆಗೆ ರಸ್ತೆ ದಾಟುವ ಜನರ ಸಂಖ್ಯೆಯನ್ನು, ಗಂಟೆಗೆ ಓಡುವ ವಾಹನಗಳ ಸಂಖ್ಯೆಯ ವರ್ಗದಿಂದ ಗುಣಿಸಬೇಕು. ಉತ್ತರ ಹತ್ತು ಕೋಟಿ ದಾಟಿದರೆ ಕ್ರಾಸಿಂಗ್ ಕೊಡಬಹುದು, ನಡುವೆ ಮೀಡಿಯನ್ ಇರುವ ರಸ್ತೆಯಾದರೆ ಇಪ್ಪತ್ತು ಕೋಟಿ. ಗಂಟೆಗೆ ಸಾವಿರ ವಾಹನ ಓಡುವ ಸಾಮಾನ್ಯ ರಸ್ತೆಯಲ್ಲಿ ನೂರು ಜನ ದಾಟುತ್ತಿದ್ದರೆ ಲೆಕ್ಕ ಸರಿಹೋಗುತ್ತದೆ. ಕಾಗದದ ಮೇಲೆ ಇದರಲ್ಲಿ ಊನವಿಲ್ಲ. ಬೀದಿಗಿಳಿದರೆ ತೊಡಕು ಕಾಣುತ್ತದೆ. ದಾಟಲು ಹೆದರಿಕೆಯಾಗುವ ರಸ್ತೆಯನ್ನು ಜನ ದಾಟುವುದಿಲ್ಲ. ಅಜ್ಜಿ ಎದುರುಗಡೆಯ ದೇವಸ್ಥಾನಕ್ಕೆ ಹೋಗುವುದನ್ನೇ ಬಿಡುತ್ತಾಳೆ, ಮಗುವನ್ನು ಇನ್ನೂರು ಮೀಟರ್ ದೂರದ ಶಾಲೆಗೆ ಅಪ್ಪ ಸ್ಕೂಟರಿನಲ್ಲಿ ಬಿಟ್ಟುಬರುತ್ತಾನೆ. ಎಣಿಸಲು ಬಂದವರಿಗೆ ಐವತ್ತು ಜನವೂ ಸಿಗುವುದಿಲ್ಲ. ಬೇಡಿಕೆ ಇಲ್ಲ ಎಂದು ಫೈಲು ಮುಚ್ಚುತ್ತದೆ, ಅಪ್ಪನ ಸ್ಕೂಟರು ಮಾತ್ರ ವಾಹನಗಳ ಕಾಲಂಗೆ ಹೊಸದಾಗಿ ಸೇರಿಕೊಳ್ಳುತ್ತದೆ.

ಇನ್ನೊಂದು ಎಣಿಕೆಯಲ್ಲಿ ಇದೇ ಜನ ಎದ್ದು ಕಾಣುತ್ತಾರೆ. 2011ರ ಜನಗಣತಿಯಲ್ಲಿ, ಕೃಷಿ ಮತ್ತು ಗೃಹ ಕೈಗಾರಿಕೆ ಬಿಟ್ಟು ಉಳಿದ ದುಡಿಮೆಗಾರರು ಕೆಲಸಕ್ಕೆ ಹೇಗೆ ಹೋಗುತ್ತಾರೆಂದು ಕೇಳಿದ್ದರು. ಸುಮಾರು ನಾಲ್ಕೂವರೆ ಕೋಟಿ ಜನ ನಡೆದು ಹೋಗುತ್ತಿದ್ದರು, ಎರಡೂವರೆ ಕೋಟಿಗೂ ಹೆಚ್ಚು ಜನ ಸೈಕಲ್ ತುಳಿಯುತ್ತಿದ್ದರು. ಕಾರಿನಲ್ಲಿ ಹೋಗುತ್ತಿದ್ದವರು ನೂರಕ್ಕೆ ಮೂವರೂ ಇರಲಿಲ್ಲ. ಆ ಮೇಲೆ ಕಾರುಗಳು ಬಹಳ ಹೆಚ್ಚಿವೆ, ನಿಜ. ಆದರೂ ಬೆಂಗಳೂರಿನ ಪೀಣ್ಯದ ಕಡೆಯೋ ಮೈಸೂರು ರಸ್ತೆಯ ಕಡೆಯೋ ಸಂಜೆ ಗಾರ್ಮೆಂಟ್ಸ್ ಬಿಡುವ ಹೊತ್ತಿಗೆ ನಿಂತು ನೋಡಿ, ಊಟದ ಡಬ್ಬಿಯ ಚೀಲ ಹಿಡಿದ ಹೆಣ್ಣುಮಕ್ಕಳ ಪ್ರವಾಹ ರಸ್ತೆಯ ಯಾವ ಭಾಗದಲ್ಲಿ ನಡೆಯುತ್ತದೆಂದು.

ಮೂರನೆಯ ಎಣಿಕೆ ಕೇಂದ್ರ ಸಾರಿಗೆ ಸಚಿವಾಲಯದ್ದು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 32,825 ಮಂದಿ ಪಾದಚಾರಿಗಳು, ಹೆಚ್ಚುಕಡಿಮೆ ಐವರಲ್ಲಿ ಒಬ್ಬರು. ಬದುಕಿ ನಡೆಯುವಾಗ ಇಲ್ಲದ ಸಂಖ್ಯೆ ಸತ್ತ ಮೇಲೆ ಸಿಗುತ್ತದೆ.

ಇಷ್ಟು ಸಾವಿಗೆ ಕಾರಣವೇನೆಂದರೆ ಥಟ್ಟನೆ ಬರುವ ಉತ್ತರ: ‘ಜನರಿಗೆ ಶಿಸ್ತಿಲ್ಲ, ಎಲ್ಲಿ ಬೇಕೆಂದರಲ್ಲಿ ನುಗ್ಗುತ್ತಾರೆ.’ ನುಗ್ಗುತ್ತಾರೆ, ಸುಳ್ಳಲ್ಲ. ಆದರೆ ಸ್ವಲ್ಪ ಗಣಿತ ಮಾಡೋಣ. ರಸ್ತೆ ಇಪ್ಪತ್ತು ಮೀಟರ್ ಅಗಲ ಎಂದಿಟ್ಟುಕೊಳ್ಳಿ. ಸಿಗ್ನಲ್ ವಿನ್ಯಾಸ ಮಾಡುವವರು ಸಾಮಾನ್ಯವಾಗಿ ಹಿಡಿಯುವ ನಡಿಗೆಯ ವೇಗ ಸೆಕೆಂಡಿಗೆ 1.2 ಮೀಟರ್. ಆ ಪ್ರಕಾರ ದಾಟಲು ಹದಿನೇಳು ಸೆಕೆಂಡ್ ಬೇಕು. ಮಂಡಿನೋವಿನ ಅಜ್ಜ ಸೆಕೆಂಡಿಗೆ 0.8 ಮೀಟರ್ ನಡೆದರೆ ಇಪ್ಪತ್ತೈದು ಸೆಕೆಂಡ್. ಹತ್ತೇ ಸೆಕೆಂಡಿಗೆ ಹಸಿರು ಮನುಷ್ಯ ಮಿನುಗಿ ಮಾಯವಾದರೆ ಅಜ್ಜ ನಟ್ಟನಡುವೆ ಸಿಕ್ಕಿಬೀಳುತ್ತಾರೆ. ಆ ಹತ್ತು ಸೆಕೆಂಡಿಗಾಗಿ ಎರಡೂವರೆ ನಿಮಿಷ ಬಿಸಿಲಲ್ಲಿ ನಿಲ್ಲಿಸಿದರೆ ಹುಡುಗರು ಕೆಂಪಿದ್ದಾಗಲೇ ಓಡುತ್ತಾರೆ. ಇಬ್ಬರಿಗೂ ಶಿಸ್ತಿನ ಪಾಠ ಹೇಳಿ ಏನು ಪ್ರಯೋಜನ? ಬೆಂಗಳೂರಿನಲ್ಲಿ ಈಗ ವಾಹನಗಳ ಸಾಲು ನೋಡಿಕೊಂಡು ಹಸಿರಿನ ಅವಧಿಯನ್ನು ತಾನೇ ಹಿಗ್ಗಿಸಿ ಕುಗ್ಗಿಸುವ ಬುದ್ಧಿವಂತ ಸಿಗ್ನಲ್‌ಗಳು ಬಂದಿವೆ. ಫುಟ್‌ಪಾತಿನ ಅಂಚಿನಲ್ಲಿ ಕಾದು ನಿಂತ ನಲವತ್ತು ಜನರ ಸಾಲನ್ನೂ ನೋಡುವಷ್ಟು ಬುದ್ಧಿ ಅವಕ್ಕೆ ಕಲಿಸುವುದು ತಾಂತ್ರಿಕವಾಗಿ ಕಷ್ಟವೇನಲ್ಲ.

ವೇಗದ ಗಣಿತ ಇನ್ನೂ ಕಠೋರ. ಮೂವತ್ತು ಕಿಲೋಮೀಟರ್ ವೇಗದ ಕಾರಿಗಿಂತ ಅರವತ್ತರ ಕಾರಿನ ಹೊಡೆತ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಹೈಸ್ಕೂಲಿನ ಭೌತಶಾಸ್ತ್ರ ಅಷ್ಟೇ. ಅಡ್ಡ ಬಂದ ಮಗುವನ್ನು ಕಂಡು ಬ್ರೇಕ್ ಒತ್ತಲು ಚಾಲಕನಿಗೆ ಒಂದು ಸೆಕೆಂಡ್ ಹಿಡಿಯಿತೆನ್ನಿ. ಒಣ ರಸ್ತೆಯಲ್ಲಿ ಮೂವತ್ತರ ವೇಗದ ಕಾರು ಹದಿಮೂರು ಮೀಟರಿನೊಳಗೆ ನಿಂತುಬಿಡಬಹುದು. ಐವತ್ತರ ಕಾರು ಅಷ್ಟು ದೂರ ಸಾಗುವಾಗ ಚಾಲಕನ ಕಾಲು ಇನ್ನೂ ಬ್ರೇಕನ್ನು ಮುಟ್ಟಿರುವುದಿಲ್ಲ. ಅದಕ್ಕೇ ರಸ್ತೆ ಸುರಕ್ಷತೆಯ ಕುರಿತ 2020ರ ಸ್ಟಾಕ್‌ಹೋಮ್ ಘೋಷಣೆ, ಜನ ಮತ್ತು ವಾಹನ ಒಟ್ಟೊಟ್ಟಿಗೆ ಇರುವ ಬೀದಿಗಳಲ್ಲಿ ವೇಗದ ಮಿತಿ ಮೂವತ್ತು ಇರಲಿ ಎಂದದ್ದು. ಫಿನ್ಲೆಂಡಿನ ಹೆಲ್ಸಿಂಕಿ ತನ್ನ ಅರ್ಧಕ್ಕಿಂತ ಹೆಚ್ಚು ಬೀದಿಗಳಲ್ಲಿ ಅದನ್ನು ಜಾರಿಗೆ ತಂದಿದೆ. 2025ರ ಜುಲೈಗೆ ಕೊನೆಗೊಂಡ ಒಂದು ವರ್ಷದಲ್ಲಿ ಆ ಊರಿನ ರಸ್ತೆಗಳಲ್ಲಿ ಒಬ್ಬರೂ ಸಾಯಲಿಲ್ಲ. ಆರೂಮುಕ್ಕಾಲು ಲಕ್ಷಕ್ಕೂ ಹೆಚ್ಚು ಜನರಿರುವ ರಾಜಧಾನಿ ಅದು. ಬೆಂಗಳೂರಿಗೆ ಮೂವತ್ತರ ಮಿತಿ ಎಂದರೆ ಕಾರಿನವರು ನಗುತ್ತಾರೆ, ಯಾಕೆಂದರೆ ಹಗಲು ಹೊತ್ತು ಅವರಿಗೆ ಅಷ್ಟು ವೇಗವೂ ಸಿಗುವುದಿಲ್ಲ. ಮಾತು ಇರುವುದು ರಾತ್ರಿ ಹತ್ತರ ನಂತರದ ಖಾಲಿ ರಸ್ತೆಯ ಬಗ್ಗೆ, ಬೆಳಗ್ಗೆ ಐದರ ಹಾಲಿನ ಹುಡುಗನ ಬಗ್ಗೆ.

ಫುಟ್‌ಪಾತ್ ವಿಷಯಕ್ಕೆ ಬರೋಣ. ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದ ಅಗಲ ಇರಬೇಕು, ಎತ್ತರ 15 ಸೆಂಟಿಮೀಟರ್ ಮೀರಬಾರದು ಎಂದಿತು 2012ರ ಪಾದಚಾರಿ ಮಾರ್ಗಸೂಚಿ. ಇಬ್ಬರು ಎದುರುಬದುರಾಗಿ ಮೈ ತಾಗದೆ ಹೋಗುವಷ್ಟು ಜಾಗ, ವಯಸ್ಸಾದವರು ಸಲೀಸಾಗಿ ಹತ್ತುವಷ್ಟು ಎತ್ತರ. ನಮ್ಮಲ್ಲಿ ಚರಂಡಿಯ ಮೇಲೆ ಚಪ್ಪಡಿ ಹಾಸಿದರೆ ಅದೇ ಫುಟ್‌ಪಾತ್. ಚರಂಡಿ ಎಷ್ಟು ಎತ್ತರವೋ ಅದೂ ಅಷ್ಟು ಎತ್ತರ. ಪ್ರತಿ ಮನೆಯ ಗೇಟಿನ ಮುಂದೆ ಕಾರು ಇಳಿಯಲು ಅದನ್ನು ಕತ್ತರಿಸಿರುತ್ತಾರೆ, ಹತ್ತು ಹೆಜ್ಜೆಗೊಮ್ಮೆ ಇಳಿದು ಹತ್ತಬೇಕು. ನಡುವೆ ಟ್ರಾನ್ಸ್‌ಫಾರ್ಮರ್, ಸುರುಳಿ ಸುತ್ತಿದ ಕೇಬಲ್, ಯಾವುದೋ ಇಲಾಖೆ ಅಗೆದು ಬಿಟ್ಟ ಮಣ್ಣು. ಇದನ್ನೆಲ್ಲ ಬಿಟ್ಟು ಪಾಲಿಕೆಯ ಲಾರಿ ಎತ್ತಿಕೊಂಡು ಹೋಗುವುದು ಹೂ ಮಾರುವವಳ ಬುಟ್ಟಿಯನ್ನು. ಬೀದಿ ವ್ಯಾಪಾರಿಗಳಿಗೆ ಜಾಗ ಗುರುತಿಸಿ ಕೊಡಬೇಕೆಂದು 2014ರ ಕಾಯ್ದೆಯೇ ಹೇಳುತ್ತದೆ. ರಾತ್ರಿ ಒಂಟಿಯಾಗಿ ನಡೆಯುವ ಹೆಂಗಸನ್ನು ಕೇಳಿದರೆ, ಬೋಂಡದ ಗಾಡಿಯ ದೀಪ ಉರಿಯುತ್ತಿರುವ ಫುಟ್‌ಪಾತೇ ತನಗೆ ಧೈರ್ಯ ಎಂದಾಳು.

ಸ್ಕೈವಾಕ್ ಬಗ್ಗೆ ನನಗೆ ಯಾವತ್ತೂ ಅನುಮಾನವಿದೆ. ಲಾರಿ ಕೆಳಗೆ ಹೋಗಬೇಕಾದರೆ ಅದು ಐದೂವರೆ ಆರು ಮೀಟರ್ ಎತ್ತರ ಇರಬೇಕು. ಮೆಟ್ಟಿಲ ಲೆಕ್ಕದಲ್ಲಿ ಮೂವತ್ತೈದರಿಂದ ನಲವತ್ತು. ಒಂದು ಲಿಫ್ಟ್ ಇಟ್ಟಿರುತ್ತಾರೆ, ಅದು ನಡೆದರೆ ನಮ್ಮ ಪುಣ್ಯ. ಬೆಂಗಳೂರಿನ ಅನೇಕ ಸ್ಕೈವಾಕ್‌ಗಳು ಖಾಸಗಿಯವರು ಜಾಹೀರಾತಿನ ಹಕ್ಕು ಪಡೆದು ಕಟ್ಟಿದಂಥವು. ಜಾಹೀರಾತು ಚೆನ್ನಾಗಿ ಕಾಣುವ ಜಾಗವೂ ಜನ ದಾಟುವ ಜಾಗವೂ ಒಂದೇ ಆಗಿರಬೇಕಿಲ್ಲ. ಆಕ್ಸೆಲರೇಟರ್ ಮೇಲೆ ಕಾಲಿಟ್ಟವನು ಸಪಾಟಾಗಿ ಹೋಗಬೇಕು, ಸೊಪ್ಪಿನ ಚೀಲ ಹೊತ್ತವಳು ನಾಲ್ಕನೇ ಮಹಡಿಯಷ್ಟಲ್ಲದಿದ್ದರೂ ಎರಡನೇ ಮಹಡಿಯಷ್ಟಾದರೂ ಹತ್ತಿ ಇಳಿಯಬೇಕು, ಇದು ಯಾವ ನ್ಯಾಯ?

ಎಲ್ಲವೂ ಕೆಟ್ಟಿದೆ ಎಂದು ಹೇಳಲಾರೆ. ಬೆಂಗಳೂರಿನ ಟೆಂಡರ್‌ಶ್ಯೂರ್ ಯೋಜನೆಯಲ್ಲಿ ವಿಠಲ್ ಮಲ್ಯ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆಗಳನ್ನು ಮರುರೂಪಿಸಿದಾಗ ಕೊಳವೆ, ಕೇಬಲ್‌ಗಳನ್ನೆಲ್ಲ ನೆಲದಡಿ ಕ್ರಮವಾಗಿ ಜೋಡಿಸಿ, ವಾಹನದ ಪಥವನ್ನು ಒಂದೇ ಅಳತೆಗೆ ತಂದು, ಉಳಿದದ್ದನ್ನು ನಡೆಯುವವರಿಗೆ ಬಿಟ್ಟರು. ರಸ್ತೆ ಕಿರಿದಾಯಿತೆಂದು ಆಗ ದೊಡ್ಡ ಗಲಾಟೆ. ದುಬಾರಿ ಎಂಬ ಟೀಕೆಯಲ್ಲಿ ಹುರುಳಿತ್ತು, ಊರಿನ ನಡುಭಾಗಕ್ಕೆ ಮಾತ್ರ ಯಾಕೆ ಈ ಭಾಗ್ಯ ಎಂಬ ಪ್ರಶ್ನೆಯಲ್ಲೂ ಹುರುಳಿತ್ತು. ಆದರೆ ಆ ರಸ್ತೆಗಳಲ್ಲಿ ಇವತ್ತು ತಳ್ಳುಕುರ್ಚಿ ಉರುಳಬಲ್ಲದು. ಚರ್ಚ್ ಸ್ಟ್ರೀಟ್ 2018ರಲ್ಲಿ ಕಲ್ಲುಹಾಸಿನೊಂದಿಗೆ ತೆರೆದುಕೊಂಡಿತು. 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯದಲ್ಲಿ ವಾಹನಗಳನ್ನೇ ಬಿಡಲಿಲ್ಲ.

ಸೈಕಲ್ಲಿನ ಕಥೆ ಇಷ್ಟು ಹಸನಾಗಿಲ್ಲ. ಜಯನಗರದಲ್ಲಿ ಸೈಕಲ್ ಪಥ ಮಾಡಿದರು, ಕಾರುಗಳು ಬಂದು ನಿಂತವು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಬೊಲ್ಲಾರ್ಡ್ ನೆಟ್ಟು ಪಥ ಬಿಡಿಸಿದರು, ಬೈಕುಗಳು ಅದನ್ನು ಅಡ್ಡದಾರಿ ಮಾಡಿಕೊಂಡವು. ಮೈಸೂರಿನಲ್ಲಿ 2017ರ ಜೂನಿನಲ್ಲಿ ಶುರುವಾದ ‘ಟ್ರಿಣ್ ಟ್ರಿಣ್’ ಎಂಬ ಬಾಡಿಗೆ ಸೈಕಲ್ ಯೋಜನೆ 450 ಸೈಕಲ್ಲುಗಳೊಂದಿಗೆ ದೇಶಕ್ಕೇ ಮಾದರಿಯಾಗಿತ್ತು, ಊರಿನ ಹದವಾದ ಗಾತ್ರವೂ ಅಗಲ ರಸ್ತೆಗಳೂ ಅದಕ್ಕೆ ಒದಗಿಬಂದವು. ಸೈಕಲ್ ಯೋಜನೆ ಬರೆಯುವವರ ಕಣ್ಣಮುಂದೆ ಸಾಮಾನ್ಯವಾಗಿ ಭಾನುವಾರ ಬೆಳಗ್ಗೆ ಹೆಲ್ಮೆಟ್ ತೊಟ್ಟು ನಂದಿಬೆಟ್ಟದ ಕಡೆ ಹೊರಡುವ ಸವಾರ ಇರುತ್ತಾನೆ ಎಂಬುದು ನನ್ನ ತಕರಾರು. ಅವನ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ರಾತ್ರಿಪಾಳಿ ಮುಗಿಸಿದ ಸೆಕ್ಯೂರಿಟಿಯವರು, ಕರಣೆ ಮಟ್ಟಗೋಲು ಕಟ್ಟಿಕೊಂಡ ಗಾರೆ ಮೇಸ್ತ್ರಿ, ಪೇಪರ್ ಹಾಕುವ ಹುಡುಗ, ಇವರ ಸೈಕಲ್ಲಿಗೆ ಗೇರೂ ಇಲ್ಲ, ದೀಪವೂ ಇಲ್ಲ. ಅವರ ದಾರಿ ಉದ್ಯಾನದ ಸುತ್ತ ಇಲ್ಲ, ಕೈಗಾರಿಕಾ ಪ್ರದೇಶದ ಕತ್ತಲ ಸರ್ವಿಸ್ ರಸ್ತೆಯಲ್ಲಿದೆ. 2006ರಿಂದ ಹಲವು ವರ್ಷ ಎಂಟನೇ ತರಗತಿಯ ಮಕ್ಕಳಿಗೆ ರಾಜ್ಯ ಸರ್ಕಾರವೇ ಸೈಕಲ್ ಕೊಟ್ಟಿತು. ಒಳ್ಳೆಯ ಯೋಜನೆ, ಸೈಕಲ್ಲಿನ ಜೊತೆ ದಾರಿ ಕೊಡುವುದು ಮರೆತುಹೋಯಿತು.

ನೆದರ್ಲೆಂಡ್ಸ್ ಹುಟ್ಟಾ ಸೈಕಲ್ ದೇಶ ಎಂದು ನಾವು ಭಾವಿಸಿದ್ದೇವೆ. ಆದರೆ 1971ರಲ್ಲಿ ಅಲ್ಲಿಯ ರಸ್ತೆಗಳಲ್ಲಿ ಸುಮಾರು 3,300 ಜನ ಸತ್ತರು, ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ಮಗುವನ್ನು ಕಳೆದುಕೊಂಡ ಪತ್ರಕರ್ತ ವಿಕ್ ಲಾಂಗನ್‌ಹಾಫ್ ಇದನ್ನು ಅಪಘಾತ ಎನ್ನದೆ ಕೊಲೆ ಎಂದು ಬರೆದ. ‘ಮಕ್ಕಳ ಕೊಲೆ ನಿಲ್ಲಿಸಿ’ ಎಂಬ ಚಳವಳಿ ಬೀದಿಗಿಳಿಯಿತು. 1973ರ ತೈಲ ಬಿಕ್ಕಟ್ಟು ಬಂದು ಭಾನುವಾರ ಕಾರು ಓಡಿಸದಂತೆ ಸರ್ಕಾರ ಹೇಳಿದಾಗ ಜನ ಖಾಲಿ ರಸ್ತೆಯ ರುಚಿಯನ್ನೂ ಕಂಡರು. ಈಗಿನ ಸೈಕಲ್ ಪಥಗಳಲ್ಲಿ ಹೆಚ್ಚಿನವು ಆ ಜಗಳದ ಫಲ.

ನಮ್ಮಲ್ಲಿ ಜಗಳಕ್ಕೆ ಬೇಕಾದ ಕಾಗದಪತ್ರ ಸಾಕಷ್ಟಿದೆ. ಫುಟ್‌ಪಾತ್ ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯಲ್ಲಿ ಅಡಗಿದೆ ಎಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಪಾದಚಾರಿಗಳು ಮತ್ತು ಮೋಟಾರಿಲ್ಲದ ವಾಹನಗಳ ಬಗ್ಗೆ ನಿಯಮ ರೂಪಿಸಲು ಅದೇ ವರ್ಷದ ಅಕ್ಟೋಬರಿನಲ್ಲಿ ರಾಜ್ಯಗಳಿಗೆ ಆರು ತಿಂಗಳ ಗಡುವನ್ನೂ ಕೊಟ್ಟಿತು. ನಡೆಯುವವರ, ಸೈಕಲ್ ತುಳಿಯುವವರ ಹಕ್ಕಿಗಾಗಿ ಕರ್ನಾಟಕದ ನಗರ ಭೂಸಾರಿಗೆ ನಿರ್ದೇಶನಾಲಯ 2021ರಲ್ಲೇ ಒಂದು ಮಸೂದೆಯ ಕರಡು ಬರೆದಿತ್ತು. ಕರಡು ಬಂದಷ್ಟು ಚುರುಕಾಗಿ ಕಾಯ್ದೆ ಬರಲಿಲ್ಲ.

ಕೋರ್ಟಿನ ಮಾತು ನಮ್ಮ ಅಡ್ಡರಸ್ತೆಗೆ ಇಳಿದು ಬರುವಷ್ಟರಲ್ಲಿ ಒಂದು ಕೆಲಸ ಮಾಡಬಹುದು. ರಸ್ತೆಗೆ ವೈಟ್ ಟಾಪಿಂಗ್, ಅಂದರೆ ಕಾಂಕ್ರೀಟ್ ಹೊದಿಕೆ, ಬರುತ್ತದೆಂಬ ಸುದ್ದಿ ಸಿಕ್ಕ ದಿನವೇ ವಾರ್ಡ್ ಎಂಜಿನಿಯರ್ ಕಚೇರಿಗೆ ನಾಲ್ಕು ಜನ ಹೋಗಿ, ರಸ್ತೆಯ ಅಡ್ಡಕೊಯ್ತದ ನಕ್ಷೆ ತೋರಿಸಿ ಎಂದು ಕೇಳುವುದು. ಅದರಲ್ಲಿ ಫುಟ್‌ಪಾತಿಗೆ ಎಷ್ಟು ಮೀಟರ್ ಬರೆದಿದ್ದಾರೆ, ಗೇಟುಗಳ ಮುಂದೆ ಅದು ಮುರಿಯದೆ ಸಾಗುತ್ತದೆಯೇ, ಶಾಲೆಯ ಎದುರು ದಾಟಲು ರಸ್ತೆಯನ್ನೇ ಎತ್ತರಿಸಿದ್ದಾರೆಯೇ ಎಂದು ನೋಡುವುದು. ಹೋಗುವಾಗ ಶಾಲೆ ಬಿಡುವ ಹೊತ್ತಿಗೆ ಎಷ್ಟು ಮಕ್ಕಳು ದಾಟುತ್ತಾರೆಂದು ತಾವೇ ಎಣಿಸಿಟ್ಟ ಚೀಟಿಯೂ ಕೈಯಲ್ಲಿದ್ದರೆ ಒಳ್ಳೆಯದು, ಅದಕ್ಕೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡರೆ ಇನ್ನೂ ಒಳ್ಳೆಯದು. ಟೆಂಡರ್ ಆಗುವ ಮೊದಲೇ ಹೋಗಬೇಕು. ಆದ ಮೇಲೆ ಹೋದರೆ ಅಲ್ಲಿ ಸಿಗುವ ಉತ್ತರ ಎಲ್ಲರಿಗೂ ಬಾಯಿಪಾಠ: ‘ಎಸ್ಟಿಮೇಟ್‌ನಲ್ಲಿ ಇಲ್ಲ ಸಾರ್.’