ನೌಕೆಯ ನಾಮಕರಣ

ಬೆಂಗಳೂರಿನಲ್ಲಿ ಪುಟ್ಟೇನಹಳ್ಳಿಯ ಕೆರೆಯೆಂಬ ಹೆಸರುಳ್ಳ ಕೆರೆಗಳು ಎರಡು. ಒಂದು ನಗರದ ದಕ್ಷಿಣದಲ್ಲಿ, ಜೆ. ಪಿ. ನಗರದ ಏಳನೆಯ ಹಂತದ ಮಗ್ಗುಲಲ್ಲಿರುವುದು. ಬತ್ತಿ ಹಾಳಾಗಿದ್ದ ಅದು 2010ರಿಂದೀಚೆಗೆ ನೆರೆಹೊರೆಯ ನಿವಾಸಿಗಳ ಶ್ರಮದಿಂದ ಪುನಃ ನೀರು ಕಂಡಿತು. ಇನ್ನೊಂದು ಉತ್ತರದಲ್ಲಿ, ಯಲಹಂಕದ ಬಳಿಯಲ್ಲಿದ್ದು ಪಕ್ಷಿಗಳ ಆಶ್ರಯವೆಂದು ಪ್ರಸಿದ್ಧವಾದುದು. ಹಕ್ಕಿಗಳನ್ನು ನೋಡಲು ಹೊರಟ ಗೃಹಸ್ಥನೊಬ್ಬನು ಒಂದನ್ನು ಉದ್ದೇಶಿಸಿ ಮತ್ತೊಂದನ್ನು ಸೇರಿದನಾದರೆ ಅವನಿಗೆ ನಷ್ಟವಾಗುವುದು ಒಂದು ಪ್ರಾತಃಕಾಲ ಮಾತ್ರ. ಮನೆಗೆ ಬಂದು ನಕ್ಕು ಮರೆಯಬಹುದು. ಅದೇ ಹೆಸರಿನ ಗೊಂದಲವು ಕೆರೆಯ ದಂಡೆಯನ್ನು ಬಿಟ್ಟು ಕಡಲಿಗೆ ಇಳಿದರೆ ನಗುವುದಕ್ಕೆ ಎಡೆಯಿರುವುದಿಲ್ಲ. ಆದುದರಿಂದ ದೋಣಿಗೆ ಹೆಸರಿಡುವುದೆಂಬ ಸಣ್ಣ ಕೆಲಸದಲ್ಲಿ ದೊಡ್ಡದೊಂದು ಪ್ರಶ್ನೆ ಅಡಗಿದೆ: ಹೆಸರು ಯಾರ ಸೊತ್ತು? ಅದನ್ನು ಇಟ್ಟವನದೋ, ಹೊತ್ತುದರದೋ, ಅಥವಾ ಅದನ್ನು ಕೇಳಿ ಓಡಿಬರಬೇಕಾದ ಅಪರಿಚಿತನದೋ?

ಮಂಗಳೂರು, ಮಲ್ಪೆ, ಗಂಗೊಳ್ಳಿ, ಕಾರವಾರಗಳ ಬಂದರುಗಳಲ್ಲಿ ನಿಂತ ದೋಣಿಗಳ ಮುಂಭಾಗವನ್ನು ಓದುತ್ತ ಹೋದವರಿಗೆ ಅಲ್ಲಿ ಒಂದು ದೇವತಾಷ್ಟೋತ್ತರವೇ ದೊರೆಯುವುದು. ಇಷ್ಟದೇವತೆಯ ಹೆಸರು, ಕುಲದೈವದ ಹೆಸರು, ಗತಿಸಿದ ತಾಯಿಯ ಹೆಸರು, ಮಗಳ ಹೆಸರು. ಮುಂದೆ ‘ಶ್ರೀ’, ಹಿಂದೆ ‘ಪ್ರಸಾದ’. ಸಾಲ ಮಾಡಿ ದೋಣಿ ಕಟ್ಟಿಸಿದವನು ತನ್ನ ಭಕ್ತಿಯನ್ನೂ ಋಣವನ್ನೂ ಆ ಹಲಗೆಯ ಮೇಲೆ ಬರೆಯಿಸುವುದು ಸಹಜವೇ ಸರಿ. ಇದನ್ನು ಹಾಸ್ಯಮಾಡುವವನು ಕಡಲನ್ನು ಕಂಡವನಲ್ಲ. ಆದರೆ ಒಂದೇ ದೇವಿಯ ಭಕ್ತರು ಒಂದೇ ಬಂದರಿನಲ್ಲಿ ಹಲವರಿರುವರು. ಅವರೆಲ್ಲರ ದೋಣಿಗಳೂ ಒಂದೇ ಮೀನಿನ ಜಾಡನ್ನು ಹಿಡಿದು ಒಂದೇ ನೀರಿನಲ್ಲಿ ಇರುವುವು. ಹಲಗೆಯ ಮೇಲೆ ಕಣ್ಣಿಗೆ ಬೇರೆಬೇರೆಯಾಗಿ ತೋರುವ ಹೆಸರುಗಳು ವಯರ್‌ಲೆಸ್ಸಿನಲ್ಲಿ ಕಿವಿಗೆ ಒಂದೇ ಆಗುವುವು.

ಇದಕ್ಕೆ ಕಾರಣವುಂಟು. ಮಾತನ್ನು ಸಾಗಿಸುವ ನಿಸ್ತಂತು ಯಂತ್ರವು ಧ್ವನಿಯನ್ನೆಲ್ಲ ಸಾಗಿಸುವುದಿಲ್ಲ. ಸೆಕೆಂಡಿಗೆ ಸುಮಾರು 300ರಿಂದ 3000 ಕಂಪನಗಳವರೆಗಿನ ಭಾಗವನ್ನು ಮಾತ್ರ ಸಾಗಿಸುವುದು. ಸಕಾರ ಶಕಾರಗಳ ಸೀತ್ಕಾರದ ಬಹುಭಾಗವು ಅದಕ್ಕಿಂತ ಮೇಲಿರುವುದರಿಂದ ದಾರಿಯಲ್ಲಿಯೇ ಉದುರಿಹೋಗುವುದು. ಮಕಾರ ನಕಾರಗಳು ಒಂದನ್ನೊಂದು ನುಂಗುವುವು. ಮಹಾಪ್ರಾಣವು ಗಾಳಿಯ ಸದ್ದಿನಲ್ಲಿ ಪ್ರಾಣ ಬಿಡುವುದು. ಕೇಶಿರಾಜನು ತನ್ನ ವ್ಯಾಕರಣದಲ್ಲಿ, ಜೀವನ ಇಚ್ಛೆಯಿಂದ, ಅನುಕೂಲವಾದ ಗಾಳಿಯೊಡನೆ, ಹೊಕ್ಕುಳ ಬುಡದಿಂದ ಕಹಳೆಯಂತೆ ಶಬ್ದವು ಹುಟ್ಟುವುದೆಂದು ಹೇಳಿರುವನಷ್ಟೆ. ಒಡಲೊಳಗಿನ ಗಾಳಿ ಅನುಕೂಲವಾಗಿದ್ದರೂ ಒಡಲ ಹೊರಗಿನದು ಅನುಕೂಲವಾಗಿಲ್ಲದಾಗ ಏನಾಗುವುದೆಂದು ಆ ಮಹಾನುಭಾವನು ಹೇಳಬೇಕಾಗಿರಲಿಲ್ಲ. ಅವನ ಕಾಲದ ಮಾತು ಎದುರು ಕುಳಿತವನಿಗೆ ಕೇಳಿದರೆ ಸಾಕಾಗಿತ್ತು.

ಪಾಶ್ಚಾತ್ಯರು ಈ ಪಾಠವನ್ನು ಅನುಭವದಿಂದಲೇ ಕಲಿತರು. ಮೂರು ಚುಕ್ಕೆ, ಮೂರು ಗೆರೆ, ಮೂರು ಚುಕ್ಕೆಗಳ ‘ಎಸ್ ಓ ಎಸ್’ ಸಂಕೇತವನ್ನು 1906ರ ಬರ್ಲಿನ್ ಸಮ್ಮೇಳನವು ಅಂಗೀಕರಿಸಿತು. ತಂತಿಯ ಭಾಷೆಯಲ್ಲಿ ಅದಕ್ಕಿಂತ ಸ್ಪಷ್ಟವಾದುದಿಲ್ಲ. ಅದನ್ನೇ ಬಾಯಿಂದ ಹೇಳುವ ಕಾಲ ಬಂದಾಗ ಸಕಾರವು ಕೈಕೊಟ್ಟಿತು. ಅದರಿಂದ 1923ರಲ್ಲಿ ಲಂಡನ್ನಿನ ಕ್ರಾಯ್ಡನ್ ವಿಮಾನನಿಲ್ದಾಣದ ಮಾಕ್‌ಫರ್ಡ್ ಎಂಬ ಅಧಿಕಾರಿ ‘ಮೇಡೇ’ ಎಂಬ ಮಾತನ್ನು ಆರಿಸಿದನು. ಅಲ್ಲಿಂದ ವಿಮಾನಗಳು ಹೆಚ್ಚಾಗಿ ಪ್ಯಾರಿಸ್ಸಿಗೆ ಹೋಗುತ್ತಿದ್ದುವು. ‘ನನಗೆ ನೆರವಾಗಿ’ ಎಂಬ ಫ್ರೆಂಚ್ ಮಾತಿನ ಉಚ್ಚಾರಣೆಗೆ ಇದು ಸಮೀಪ. ಅಂದರೆ, ಅಪಾಯದಲ್ಲಿರುವವನು ತನ್ನ ಭಾಷೆಯಲ್ಲಿ ಕೂಗದೆ ಕೇಳುವವನ ಭಾಷೆಯಲ್ಲಿ ಕೂಗಲು ಒಪ್ಪಿದನು. 1927ರಲ್ಲಿ ವಾಷಿಂಗ್ಟನ್ನಿನ ಅಂತರರಾಷ್ಟ್ರೀಯ ಒಪ್ಪಂದವು ಇದನ್ನು ಗ್ರಹಿಸಿತು. 1956ರಲ್ಲಿ ಜಾರಿಗೆ ಬಂದ ಅಕ್ಷರಮಾಲೆಯಲ್ಲಿ ‘ಆಲ್ಫಾ’ ಎಂಬುದನ್ನು ಇಂಗ್ಲಿಷಿನ ಕಾಗುಣಿತಕ್ಕೆ ವಿರುದ್ಧವಾಗಿ ಎಫ್ ಅಕ್ಷರದಿಂದಲೂ, ‘ಜೂಲಿಯೆಟ್’ ಎಂಬುದನ್ನು ಎರಡು ಟಿಗಳಿಂದಲೂ ಬರೆದಿರುವುದು ಅನ್ಯಭಾಷೆಯವನು ತಪ್ಪಾಗಿ ಓದಬಾರದೆಂಬ ಕಾಳಜಿಯಿಂದಲೇ. ಪಂಡಿತರು ನಿಘಂಟನ್ನು ತಿದ್ದಿಕೊಂಡು ಪರಕೀಯನ ನಾಲಗೆಗೆ ದಾರಿ ಬಿಟ್ಟ ಉದಾಹರಣೆ ಅಪೂರ್ವವಾದುದು.

ಹಾಗೆಂದು ಈ ವಿವೇಕವನ್ನು ಹೊರಗಿನಿಂದಲೇ ತರಬೇಕಾಗಿಲ್ಲ. ಆಶ್ವಲಾಯನ ಗೃಹ್ಯಸೂತ್ರವು ಶಿಶುವಿನ ಹೆಸರು ಘೋಷಾಕ್ಷರದಿಂದ ಮೊದಲಾಗಬೇಕು, ನಡುವೆ ಯರಲವಗಳಲ್ಲೊಂದಿರಬೇಕು, ಎರಡು ಇಲ್ಲವೆ ನಾಲ್ಕು ಅಕ್ಷರಗಳಿರಬೇಕು ಎಂದು ವಿಧಿಸಿದೆ. ಮನುವು ಸ್ತ್ರೀಯರ ಹೆಸರಿನ ವಿಷಯದಲ್ಲಿ, ಸುಖವಾಗಿ ಉಚ್ಚರಿಸಲು ಬರಬೇಕು, ಅರ್ಥ ಸ್ಪಷ್ಟವಾಗಿರಬೇಕು, ಕೊನೆಯು ದೀರ್ಘವಾಗಿರಬೇಕು ಎನ್ನುತ್ತಾನೆ. ಘೋಷಾಕ್ಷರವು ಕಂಠದ ನಾದವುಳ್ಳದ್ದು. ಗಾಳಿಯ ಸದ್ದಿನಲ್ಲಿ ಅದು ಕರಗದು. ಕೊನೆಯ ದೀರ್ಘಸ್ವರವು ದೂರಕ್ಕೆ ಮುಟ್ಟುವುದು. ಋಷಿಗಳು ವಯರ್‌ಲೆಸ್ಸನ್ನು ಕಂಡಿದ್ದರೆಂದು ಸಾಧಿಸುವ ಉತ್ಸಾಹಿಗಳು ಇಲ್ಲಿಗೆ ಧಾವಿಸಬೇಕಾಗಿಲ್ಲ. ಕೂಗಿ ಕರೆಯುವುದಕ್ಕೆ ಯಾವುದು ತಕ್ಕದ್ದೆಂಬುದನ್ನು ಹೊಲಗದ್ದೆಗಳಲ್ಲಿ ಕೂಗಿ ತಿಳಿದವರು ಅವರು, ಅಷ್ಟೆ.

ಉಚ್ಚಾರಣೆಯ ತಪ್ಪಿನಿಂದ ಪ್ರಾಣ ಹೋದ ಕಥೆಯೂ ಇಲ್ಲಿಯದೇ. ಇಂದ್ರನನ್ನು ಕೊಲ್ಲುವ ಮಗನು ಬೇಕೆಂದು ತ್ವಷ್ಟೃವು ಯಜ್ಞ ಮಾಡಿದಾಗ ‘ಇಂದ್ರಶತ್ರು’ ಎಂಬ ಪದದ ಸ್ವರವು ತಪ್ಪಿ, ಇಂದ್ರನನ್ನು ಕೊಲ್ಲುವವನೆಂಬುದಕ್ಕೆ ಬದಲಾಗಿ ಇಂದ್ರನಿಂದ ಕೊಲ್ಲಲ್ಪಡುವವನೆಂಬ ಅರ್ಥವಾಗಿ ವೃತ್ರನು ಹತನಾದನೆಂದು ವೈಯಾಕರಣರು ಹೇಳುವರು. ಕಾವ್ಯದಲ್ಲಿ ಶ್ಲೇಷವು ಅಲಂಕಾರ. ಕೂಗಿನಲ್ಲಿ ಅದು ಮೃತ್ಯು. ಚಾತುರ್ಯವನ್ನು ಮೆರೆಸಲು ಅಪಾಯಸೂಚನೆಯ ಮಾತನ್ನೇ ದೋಣಿಗೆ ಹೆಸರಾಗಿಡುವ ವಿನೋದಶೀಲರು ಲೋಕದಲ್ಲಿ ಇಲ್ಲದೆ ಇಲ್ಲ. ಆ ದೋಣಿಯವನು ಮುಂಜಾನೆ ಗೆಳೆಯನನ್ನು ಕರೆದಾಗಲೆಲ್ಲ ದಡದ ಕಾವಲಿನವರು ಬೆಚ್ಚಿಬೀಳುವರು. ಕೊನೆಗೆ ಬೆಚ್ಚುವುದನ್ನು ಬಿಡುವರು. ಇದು ಅವನೊಬ್ಬನ ಕೇಡಲ್ಲ. ಸರ್ವರಿಗೂ ಸೇರಿದ ಎಚ್ಚರಿಕೆಯನ್ನು ಒಬ್ಬನು ಸವೆಸಿದ ಹಾಗಾಯಿತು.

ಇಲ್ಲಿ ಒಂದು ಆಕ್ಷೇಪ ಹುಟ್ಟುವುದು. ಹೆಸರಿನ ಗೋಜೇಕೆ, ಸಂಖ್ಯೆಯೊಂದನ್ನು ಕೊಟ್ಟರೆ ಸಾಲದೆ? ನೋಂದಣಿಯ ಸಂಖ್ಯೆ ಇದ್ದೇ ಇದೆ. ದೊಡ್ಡ ನೌಕೆಗಳ ಯಂತ್ರಗಳಿಗೆ ಒಂಬತ್ತು ಅಂಕಿಗಳ ಗುರುತುಂಟು. ಭಾರತದ್ದಾದರೆ 419ರಿಂದ ಮೊದಲಾಗುವುದು. ಗುಂಡಿಯೊಂದನ್ನು ಒತ್ತಿದರೆ ಯಂತ್ರವೇ ಅದನ್ನು ಕಳುಹಿಸುವುದು. ಯಂತ್ರವು ಯಂತ್ರದೊಡನೆ ಮಾತಾಡುವಾಗ ಇದು ನಿಷ್ಕಳಂಕವಾದ ವ್ಯವಸ್ಥೆ. ಮನುಷ್ಯನ ಬಾಯಿಗೆ ಬಂದಾಗ ಮಾತ್ರ ಒಂದು ಭೇದ ತೋರುವುದು. ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿದರೆ ಅದು ಬೇರೊಂದು ಸಂಖ್ಯೆಯೇ. ತಪ್ಪಿತೆಂಬ ಸುಳಿವೂ ಸಿಕ್ಕದು. ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಉಳಿದ ಅಕ್ಷರಗಳು ಅದನ್ನು ಎಳೆದು ತರುವುವು. ‘ಗರು..ವಾಹನ’ ಎಂದು ಕೇಳಿದವನಿಗೆ ನಡುವಿನ ಡಕಾರವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅರ್ಥವೆಂಬುದು ಶಬ್ದಕ್ಕೆ ಕಟ್ಟಿದ ಹರಿಗೋಲು. ಆದರೆ ಅದೇ ಗುಣದಲ್ಲಿ ದೋಷವೂ ಇದೆ: ಅರ್ಧ ಕೇಳಿದ ಕಿವಿಯು ಉಳಿದರ್ಧವನ್ನು ತನಗೆ ಪರಿಚಯವಾದುದರಿಂದಲೇ ತುಂಬಿಕೊಳ್ಳುವುದು. ‘..ಲಕ್ಷ್ಮಿ’ ಎಂಬಷ್ಟೇ ಕೇಳಿದರೆ ತಿಳಿದ ಲಕ್ಷ್ಮಿಯರಲ್ಲಿ ಹತ್ತಿರದವಳ ಕಡೆಗೆ ಹಡಗು ತಿರುಗುವುದು. ಆದುದರಿಂದ ಹೆಸರಿಗೆ ಅರ್ಥವೂ ಬೇಕು, ಅಪೂರ್ವತೆಯೂ ಬೇಕು.

2018ನೆಯ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಎಂಬ ಮೀನುಗಾರಿಕೆಯ ದೋಣಿಯನ್ನು ಕರಾವಳಿ ಮರೆತಿಲ್ಲ. ಅದರಲ್ಲಿ ಉಡುಪಿ, ಉತ್ತರ ಕನ್ನಡ ಜಿಲ್ಲೆಗಳ ಏಳು ಮಂದಿ ಇದ್ದರು. 15ರ ಬಳಿಕ ಸಂಪರ್ಕ ತಪ್ಪಿತು. 2019ರ ಮೇ ತಿಂಗಳಲ್ಲಿ ನೌಕಾದಳದ ‘ನಿರೀಕ್ಷಕ್’ ಹಡಗು ಮಹಾರಾಷ್ಟ್ರದ ಮಾಲವಣದಾಚೆಯ ಕಡಲಿನ ತಳದಲ್ಲಿ ಅದರ ಅವಶೇಷವನ್ನು ಕಂಡಿತು. ಆ ದುರಂತಕ್ಕೂ ದೋಣಿಯ ಹೆಸರಿಗೂ ಸಂಬಂಧ ಕಲ್ಪಿಸುವುದು ಅನ್ಯಾಯ. ಹಾಗೆ ಹೇಳಲು ಆಧಾರವೇನೂ ಇಲ್ಲ. ಇಲ್ಲಿ ಗಮನಿಸತಕ್ಕುದು ಬೇರೆ. ನಾಲ್ಕೂವರೆ ತಿಂಗಳು ಆ ಏಳು ಮನೆಗಳ ಕೈಯಲ್ಲಿ ಹಿಡಿದುಕೊಳ್ಳಲು ಇದ್ದುದು ಆ ಹೆಸರೊಂದೇ. ಅದು ತುಳು, ಕೊಂಕಣಿ, ಕನ್ನಡಗಳ ಬಂದರನ್ನು ಬಿಟ್ಟು ಮರಾಠಿಯ ಬಂದರುಗಳಿಗೂ, ಹಿಂದಿ ಇಂಗ್ಲಿಷುಗಳ ಕಚೇರಿಗಳಿಗೂ ಸಂಚರಿಸಿತು. ಪತ್ರಿಕೆಗಳ ರೋಮನ್ ಅಕ್ಷರಗಳಲ್ಲಿ ತಕಾರವು ಕೆಲವೆಡೆ ಒಂದಕ್ಷರವಾಯಿತು, ಕೆಲವೆಡೆ ಎರಡಾಯಿತು. ಹಾಗಾದರೂ ತ್ರಿಭುಜವೆಂಬುದು ದೇವತಾನಾಮಗಳಷ್ಟು ಬಳಕೆಯದಲ್ಲವಾದ್ದರಿಂದ ಜನರ ಮನಸ್ಸಿನಲ್ಲಿ ಅದು ಒಂದೇ ದೋಣಿಯಾಗಿ ನಿಂತಿತು.

ಹೀಗೆ ನೋಡಿದರೆ, ತನ್ನ ದೋಣಿಗೆ ತನಗೆ ತೋರಿದ ಹೆಸರನ್ನಿಡುವ ಸ್ವಾತಂತ್ರ್ಯವು ಒಡೆಯನಿಗೆ ಪೂರ್ಣವಾಗಿ ಇರುವುದೆ? ಸಾಲ ಅವನದು, ಮರ ಅವನದು, ಭಕ್ತಿ ಅವನದು, ಇದೆಲ್ಲ ನಿಜವೆ. ಆದರೆ ಅವನ ಕೂಗನ್ನು ಕೇಳಿ, ತನ್ನ ಬಲೆಯನ್ನು ಕಡಿದುಹಾಕಿ, ಎಣ್ಣೆ ಸುಟ್ಟು, ಅಲೆಯ ಎದುರಿಗೆ ಬರುವವನು ಬೇರೊಬ್ಬನು. ಅವನಿಗೆ ಸ್ಪಷ್ಟವಾದ ಹೆಸರನ್ನು ಕೊಡದಿರುವುದು, ಋಣ ಕೇಳಹೋದವನು ತನ್ನ ಮನೆಯ ಗುರುತನ್ನು ತಪ್ಪಾಗಿ ಹೇಳಿದಂತೆ. ಮತ್ತೂ ಒಂದು ಮಾತು: ಪಾಲು ಹಿಡಿದು ದೋಣಿಯಲ್ಲಿ ಹೋಗುವ ಆಳುಗಳಿಗೆ ಹೆಸರಿಡುವುದರಲ್ಲಿ ಮಾತಿಲ್ಲ, ಅದು ತಪ್ಪಾಗಿ ಕೇಳಿದಾಗ ಮುಳುಗುವುದರಲ್ಲಿ ಮಾತ್ರ ಪಾಲುಂಟು. ಒಡೆಯನ ಭಕ್ತಿಯ ಬೆಲೆಯನ್ನು ಅವರು ತೆರುವುದು ಯಾವ ದೈವಕ್ಕೂ ಪ್ರೀತಿಯಾಗಲಾರದು.

ಭಕ್ತಿಯನ್ನು ಬಿಡಬೇಕೆಂದು ಇದರ ಅರ್ಥವಲ್ಲ. ಆ ಗೃಹ್ಯಸೂತ್ರವೇ ಮಗುವಿಗೆ ತಂದೆತಾಯಿಗಳು ಮಾತ್ರ ಬಲ್ಲ ಇನ್ನೊಂದು ಹೆಸರನ್ನೂ ಹೇಳಿದೆ. ಲೋಕಕ್ಕೊಂದು, ಮನೆಗೊಂದು. ದೋಣಿಗೂ ಹಾಗೆಯೇ ಪೂಜೆಯ ಹೆಸರನ್ನು ಚುಕ್ಕಾಣಿಯ ಬಳಿಯ ಪಟದಲ್ಲಿಟ್ಟು, ಕರೆಯುವ ಹೆಸರನ್ನು ಹಲಗೆಯ ಮೇಲೆ ಬರೆಯಬಹುದೆಂದು ತೋರುವುದು. ಈ ಪರಿಹಾರವು ಸೊಗಸಾಗಿದ್ದರೂ ಇದರಲ್ಲಿ ಒಂದು ಬಿರುಕಿದೆ. ದಡದಲ್ಲಿ ಒಂದು ದೋಣಿಯನ್ನು ಜನರು ಒಡೆಯನ ಮನೆತನದಿಂದಲೋ, ಅಡ್ಡಹೆಸರಿನಿಂದಲೋ ಕರೆಯುತ್ತಿರುವರು; ಕಾಗದದಲ್ಲಿ ಬೇರೆ, ಪಟದಲ್ಲಿ ಬೇರೆ. ಚಾನೆಲ್ 16ರಲ್ಲಿ ದೋಣಿಯ ಹೆಸರನ್ನು ಮೂರು ಸಲ ಹೇಳಬೇಕೆಂಬುದು ನಿಯಮ. ನೀರು ಮೊಣಕಾಲಿಗೆ ಬಂದಾಗ ತಾಂಡೇಲನ ಬಾಯಿಗೆ ಆ ಮೂರರಲ್ಲಿ ಯಾವುದು ಬರುವುದು? ನಿತ್ಯವೂ ಕರೆದುದೇ ಬರುವುದು, ಆರಿಸಿದುದಲ್ಲ. ಆದುದರಿಂದ ಹೊಸ ದೋಣಿಯನ್ನು ನೀರಿಗಿಳಿಸುವ ಮುನ್ನ, ಎಂಜಿನ್ ಗರ್ಜಿಸುತ್ತಿರುವಾಗಲೇ, ಅದರ ಹೆಸರನ್ನು ವಯರ್‌ಲೆಸ್ಸಿನಲ್ಲಿ ಹೇಳಿ, ಆ ಊರನ್ನೂ ಆ ದೈವವನ್ನೂ ಅರಿಯದ ಪರಭಾಷೆಯವನೊಬ್ಬನಿಂದ ಅದನ್ನು ಬರೆಯಿಸಿ ನೋಡುವುದು ಯುಕ್ತ. ಅವನು ಬರೆದುದು ಬೇರೆಯಾದರೆ ಬಣ್ಣ ಒಣಗುವ ಮೊದಲೇ ಹಲಗೆಯನ್ನು ಒರೆಸಬಹುದು.