ನೆಲವೂ ಡೊಂಕಿರಬಹುದು

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆ ಕೇಳದೆ ಬೆಳೆದ ಕನ್ನಡದ ಹೆಣ್ಣುಮಕ್ಕಳು ಇರಲಿಕ್ಕಿಲ್ಲ. ಇದರಲ್ಲಿ ವಿಚಾರಣೆಯೇ ಇಲ್ಲ, ತೀರ್ಪು ಮೊದಲೇ ಆಗಿಹೋಗಿದೆ. ತಪ್ಪು ಅವಳದ್ದು, ನೆಲದ್ದಲ್ಲ. ನನ್ನ ತಕರಾರು ಇಷ್ಟೇ: ಆ ನೆಲವನ್ನ ಯಾರಾದ್ರೂ ಒಂದ್ಸಲ ಅಳೆದು ನೋಡಿದ್ರಾ?

ಎರಡು ವರ್ಷದಿಂದ ವಾರಕ್ಕೆರಡು ಸಂಜೆ ಪೋಲ್ ಡ್ಯಾನ್ಸ್ ಕಲೀತಿದ್ದೀನಿ. ಹಾಗಾಗಿ ಹೊಸದಾಗಿ ಶುರು ಮಾಡೋ ಗೆಳತಿಯರೆಲ್ಲ ನನ್ನನ್ನ ಕೇಳೋ ಪ್ರಶ್ನೆ ಒಂದೇ: "ಮನೇಲಿ ಒಂದು ಪೋಲ್ ಹಾಕಿಸ್ಬೇಕು, ಎಷ್ಟು ದಪ್ಪದ್ದು ತಗೊಳ್ಲಿ ಕಣೇ?" ಸಾಮಾನು ಕೊಳ್ಳೋ ಮಾತಿನ ಥರ ಕೇಳಿಸುತ್ತೆ. ಆದರೆ ಅದರ ಹಿಂದೆಯೇ ಇನ್ನೊಂದು ಅನುಮಾನವೂ ಬರುತ್ತೆ. "ಸಣ್ಣದು ತಗೊಂಡ್ರೆ ಮೋಸ ಮಾಡಿದ ಹಾಗಾಗಲ್ವಾ?" ನನ್ನ ಮೈಗೆ ಹೊಂದೋದನ್ನ ಆರಿಸಿಕೊಳ್ಳೋದು ಅಂದ್ರೆ ಸೋಲು ಒಪ್ಪಿಕೊಂಡ ಹಾಗಾ? ಇದು ಸಾಮಾನಿನ ಪ್ರಶ್ನೆ ಅಲ್ಲ.

ಮೊದಲು ಅಳತೆ ನೋಡೋಣ. ಕಂಬಗಳು ಹೆಚ್ಚಾಗಿ ಸಿಗೋದು 40, 45, 50 ಮಿ.ಮೀ. ವ್ಯಾಸದಲ್ಲಿ. ಹಿಂದೆ 50 ಜಾಸ್ತಿ ಚಾಲ್ತಿಯಲ್ಲಿತ್ತು, ಈಗ ಸ್ಪರ್ಧೆಗಳಲ್ಲೂ ಸ್ಟುಡಿಯೋಗಳಲ್ಲೂ 45 ರೂಢಿಯಾಗಿದೆ, 40 ಚಿಕ್ಕ ಕೈಯವರಿಗೆ. 5 ಮಿಲಿಮೀಟರಲ್ಲಿ ಏನು ಮಹಾ ಅನ್ಸುತ್ತೆ ಅಲ್ವಾ? ಆದರೆ ಕೈ ಹಿಡಿಯೋದು ವ್ಯಾಸವನ್ನಲ್ಲ, ಸುತ್ತಳತೆಯನ್ನ. 45ರ ಕಂಬದ ಸುತ್ತಳತೆ ಸುಮಾರು 141 ಮಿ.ಮೀ., 50ರದ್ದು 157. ವ್ಯತ್ಯಾಸ ಹತ್ತಿರ ಹತ್ತಿರ ಒಂದು ಬೆರಳಿನ ಅಗಲ. ಹೆಬ್ಬೆರಳ ತುದಿ ಮಧ್ಯದ ಬೆರಳನ್ನ ಮುಟ್ಟುತ್ತೋ ಇಲ್ವೋ ಅನ್ನೋದು ತೀರ್ಮಾನ ಆಗೋದು ಅಷ್ಟರಲ್ಲೇ. ಮುಟ್ಟಿದರೆ ಹಿಡಿತ ಕೊಂಡಿ ಹಾಕಿದ ಹಾಗೆ. ಮುಟ್ಟದಿದ್ದರೆ ಬೆರಳು ಒತ್ತಿ ಒತ್ತಿಯೇ ಇಡೀ ಮೈಭಾರ ತಡೀಬೇಕು. ಮುಂಗೈ ಬೇಗ ಸೋಲುತ್ತೆ, ಮೊಣಕೈ ಒಳಗಡೆ ನೋವು ಶುರುವಾಗುತ್ತೆ.

ಹಾಗಂತ ಸಣ್ಣದಾದಷ್ಟೂ ಒಳ್ಳೇದು ಅಂತಲ್ಲ. ಮಂಡಿ ಹಿಂದೆ, ತೊಡೆ ನಡುವೆ ಕಂಬ ಹಿಡಿದು ಕೈಬಿಡೋ ಹಂತ ಬಂದಾಗ ದಪ್ಪ ಕಂಬವೇ ಅನುಕೂಲ, ಚರ್ಮ ಹೆಚ್ಚು ತಾಗುತ್ತೆ. ಸಣ್ಣದು ಕಚ್ಚಿದ ಹಾಗೆ ಒತ್ತುತ್ತೆ. ಕೈಗೆ ಬೇಕಾದದ್ದೇ ಬೇರೆ, ಕಾಲಿಗೆ ಬೇಕಾದದ್ದೇ ಬೇರೆ. 45 ಅನ್ನೋದು ಇಬ್ಬರ ನಡುವಿನ ಒಂದು ರಾಜಿ.

ನನ್ನ ಜೊತೆ ಸೇರಿದ ಒಬ್ಬಳು ಮೂರನೇ ವಾರಕ್ಕೇ ಬಿಟ್ಟಳು. ಪುಟ್ಟ ಕೈ ಅವಳದ್ದು. ಆ ಕ್ಲಾಸಲ್ಲಿ ಇದ್ದದ್ದೆಲ್ಲ 50ರ ಕಂಬಗಳೇ. ಹಿಡೀತಿದ್ಳು, ಜಾರ್ತಿದ್ಳು. "ನಂಗೆ ಶಕ್ತಿ ಸಾಲಲ್ಲ ಬಿಡು, ಇದೆಲ್ಲ ನಮ್ಮಂಥೋರಿಗಲ್ಲ" ಅಂದು ಹೋದಳು. ಯಾರೂ ಅವಳನ್ನ ಬೈದಿರಲಿಲ್ಲ. ಗಾದೆ ತಾನಾಗೇ ತನ್ನ ಕೆಲಸ ಮಾಡಿತ್ತು. ಬಿಟ್ಟಿದ್ದಕ್ಕೆ ನನಗೆ ಬೇಜಾರಿಲ್ಲ, ಬೇಡ ಅನ್ನಿಸಿದ್ದನ್ನ ಬಿಡೋಕೆ ಯಾರಿಗೂ ಹಕ್ಕಿದೆ. ತನ್ನ ಬಗ್ಗೆ ನಿಜವಲ್ಲದ ಒಂದು ಮಾತನ್ನ ನಂಬಿಕೊಂಡು ಹೋದಳಲ್ಲ, ಅದು ಕಾಡುತ್ತೆ.

ಅಳತೆ ಬದಲಾಯಿಸೋದು ಮೋಸ ಅನ್ನೋರು ಕ್ರಿಕೆಟ್ ನೋಡಲಿ. ಗಂಡಸರ ಚೆಂಡು ಸುಮಾರು 156ರಿಂದ 163 ಗ್ರಾಂ ತೂಗುತ್ತೆ, ಹೆಂಗಸರದ್ದು 140ರಿಂದ 151 ಗ್ರಾಂ. ಹಾಗಂತ ಹೆಂಗಸರು ತೆಗೆದ ವಿಕೆಟ್ ವಿಕೆಟ್ಟಲ್ವಾ? ಪಿಯಾನೋ ವಾದಕ ಜೋಸೆಫ್ ಹಾಫ್‌ಮನ್ ಕೈ ಚಿಕ್ಕದಿತ್ತು. ಸ್ಟೈನ್‌ವೇ ಕಂಪನಿ ಅವನಿಗಾಗಿಯೇ ಕೊಂಚ ಕಿರಿದಾದ ಕೀಲಿಗಳ ಪಿಯಾನೋ ಮಾಡಿಕೊಟ್ಟಿತು. ತನ್ನ ಕಾಲದ ದೊಡ್ಡ ವಾದಕರಲ್ಲಿ ಒಬ್ಬ ಅಂತಲೇ ಅವನನ್ನ ಇವತ್ತಿಗೂ ನೆನೆಯೋದು.

ಆದರೆ ಎದುರು ವಾದವನ್ನೂ ಸುಮ್ಮನೆ ತಳ್ಳಿಹಾಕೋ ಹಾಗಿಲ್ಲ. ನಮ್ಮ ಮಲ್ಲಕಂಬವನ್ನೇ ತಗೊಳ್ಳಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ 12ನೇ ಶತಮಾನದ 'ಮಾನಸೋಲ್ಲಾಸ'ದಲ್ಲೇ ಮಲ್ಲರು ಕಂಬದ ಮೇಲೆ ಮಾಡುವ ಅಭ್ಯಾಸದ ಪ್ರಸ್ತಾಪ ಇದೆ. ಮರದ ಕಂಬ, ಬುಡದಲ್ಲಿ ದಪ್ಪ, ಮೇಲೆ ಹೋಗ್ತಾ ಸಣ್ಣ. ಸಾಲದು ಅಂತ ಹರಳೆಣ್ಣೆ ಬೇರೆ ಸವರಿರ್ತಾರೆ. ಎಂಥ ಜಟ್ಟಿಯ ಅಂಗೈಯೂ ಅದರ ಬುಡವನ್ನ ಸುತ್ತಲ್ಲ. ಆದರೂ ಗದಗ ಜಿಲ್ಲೆಯ ಲಕ್ಷ್ಮೇಶ್ವರದ ಮಕ್ಕಳು ಅದನ್ನ ಏರ್ತಾರೆ, ಅದರ ಮೇಲೆ ತಲೆಕೆಳಗಾಗಿ ನಿಲ್ತಾರೆ. ಕಂಬ ಅವರ ಕೈಗೆ ಹೊಂದಲಿಲ್ಲ, ಅವರೇ ಕಂಬಕ್ಕೆ ಹೊಂದಿಕೊಂಡರು. ಹಾಗಾದ್ರೆ ಗಾದೆಯೇ ಸರಿನಾ?

ಇಲ್ಲೊಂದು ಸೂಕ್ಷ್ಮ ಇದೆ. ಮಲ್ಲಕಂಬದ ಬುಡವನ್ನ ಮುಷ್ಟಿಯಲ್ಲಿ ಹಿಡಿ ಅಂತ ಯಾವ ಗುರುವೂ ಹೇಳಲ್ಲ. ತೋಳಲ್ಲಿ ತಬ್ಬು, ತೊಡೆಯಲ್ಲಿ ಅಪ್ಪು, ಪಾದದಲ್ಲಿ ಒತ್ತು ಅಂತಾರೆ. ಅಲ್ಲಿ ಪಾಠ ಮತ್ತು ಕಂಬದ ದಪ್ಪ ಒಂದನ್ನೊಂದು ಬಲ್ಲವು. ಮುಷ್ಟಿಯ ಪಾಠ ಹೇಳಿಕೊಟ್ಟು ಮುಷ್ಟಿಗೆ ಸಿಗದ ಕಂಬ ಕೊಟ್ಟರೆ ಅದು ಸಾಧನೆಯ ಕಷ್ಟ ಅಲ್ಲ, ಬರೀ ಅಡ್ಡಗೋಡೆ.

ಹಾಗಾಗಿ ಕಷ್ಟದಲ್ಲಿ ಎರಡು ಬಗೆ ಅಂತ ನಾನು ಅಂದುಕೊಂಡಿದ್ದೀನಿ. ಅಭ್ಯಾಸದಿಂದ ಕಮ್ಮಿ ಆಗೋದು ಒಂದು, ಎಷ್ಟು ಅಭ್ಯಾಸ ಮಾಡಿದ್ರೂ ಆಗದ್ದು ಇನ್ನೊಂದು. ತೊಡೆ ಮೇಲೆ ಏಳೋ ನೀಲಿ ಕಲೆ, ಪಾದದ ಉರಿ, ರಟ್ಟೆಯ ಸುಸ್ತು ಮೊದಲನೇ ಬಗೆಯವು. ಅವಕ್ಕೆ ನೆಲವನ್ನ ದೂರಬಾರದು. ತಿಂಗಳಿಗೊಂದು ಹೊಸ ಗ್ರಿಪ್ ಲಿಕ್ವಿಡ್ ತರಿಸಿಕೊಂಡು ಕ್ಲಾಸಿಗೆ ಮಾತ್ರ ಚಕ್ಕರ್ ಹೊಡೆಯೋರೂ ನಮ್ಮಲ್ಲಿದ್ದಾರೆ, ಗಾದೆ ಹುಟ್ಟಿದ್ದು ಅವರಿಗಾಗಿಯೇ ಇರಬೇಕು. ಆದರೆ ಬೆರಳಿನ ಮೂಳೆ ಅಭ್ಯಾಸದಿಂದ ಉದ್ದ ಆಗಲ್ಲ. ಅಲ್ಲಿ "ಇನ್ನೂ ಪ್ರಯತ್ನ ಪಡು" ಅನ್ನೋದು ಪ್ರೋತ್ಸಾಹದ ವೇಷ ಹಾಕಿದ ಕ್ರೌರ್ಯ.

ಎದುರಿಗಿರೋದು ಯಾವ ಬಗೆಯ ಕಷ್ಟ ಅಂತ ಒಳಗಿನಿಂದ ಗೊತ್ತಾಗಲ್ಲ, ಎರಡೂ ಒಂದೇ ಥರ ನೋಯುತ್ತವೆ. ಒಮ್ಮೆ ಕಂಬ ಬದಲಾಯಿಸಿ ನೋಡಿದ್ರೇ ಗೊತ್ತಾಗೋದು. ಇದು ಕಂಬಕ್ಕಷ್ಟೇ ಸೀಮಿತ ಅಲ್ಲ. ಆಫೀಸಲ್ಲಿ ಹೊಸ ಹುಡುಗ ಮೀಟಿಂಗಲ್ಲಿ ಬಾಯೇ ಬಿಡಲ್ಲ, 'ಕಮ್ಯುನಿಕೇಶನ್ ವೀಕ್' ಅಂತ ಅಪ್ರೈಸಲ್‌ನಲ್ಲಿ ಬರೆಯೋದು ಸುಲಭ. ಹಿಂದಿನ ದಿನವೇ ಅವನಿಗೆ ವಿಷಯ ಕಳಿಸಿ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಬೀಳೋದನ್ನ ನಿಲ್ಲಿಸಿ ನೋಡಿ. ಆಗ ಮಾತಾಡಿದರೆ ಡೊಂಕಿದ್ದದ್ದು ನೆಲ. ಆಗಲೂ ಮಾತಾಡದಿದ್ದರೆ ಕಲಿಯಬೇಕಾದ್ದು ಅವನೇ, ಅದನ್ನ ನೇರವಾಗಿ ಹೇಳಬಹುದು. ಆದರೆ ನೆಲ ಅಳೆಯೋ ಜವಾಬ್ದಾರಿ ಕುಣಿಯೋರದ್ದಲ್ಲ, ನೆಲ ಯಾರ ಕೈಯಲ್ಲಿದೆಯೋ ಅವರದ್ದು. ಹೊಸಬರಿಗೆ ಬೇರೆ ಅಳತೆಯೂ ಇದೆ ಅನ್ನೋದೇ ಗೊತ್ತಿರಲ್ಲ.

ಇನ್ನು ಕಂಬದ ವಿಷಯ. ಕೊಳ್ಳೋ ಮುಂಚೆ 45ರದ್ದನ್ನ ಹಿಡಿದು ನೋಡು ಕಣೇ. ಬೆರಳ ತುದಿಗಳು ತಾಗಿದ್ರೆ, ಅಥವಾ ತಾಗೋ ಹತ್ತಿರ ಇದ್ರೆ, ಅದನ್ನೇ ತಗೋ. ಆಮೇಲೆ ಜಾರಿದ್ರೆ ಅಭ್ಯಾಸ ಮಾಡು, ನೆಪ ಹೇಳ್ಬೇಡ. ನಡುವೆ ಒಂದು ಬೆರಳಿನಷ್ಟು ಜಾಗ ಉಳಿದ್ರೆ 40 ತಗೋ, ನಾಚ್ಕೋಬೇಡ. ಕೊನೆಗೂ ನಿನ್ನ ಭಾರ ಎತ್ತಬೇಕಾದ್ದು ನೀನೇ, ಅದರಲ್ಲಿ ಒಂದು ಗ್ರಾಮೂ ಕಮ್ಮಿ ಆಗಿರಲ್ಲ.