ಹೆಸರು ಮತ್ತು ಧ್ವನಿ

ಒಂದು ವಾದ್ಯಮೇಳವು ತನಗೆ ಹೆಸರು ತಂದ ಶೈಲಿಯನ್ನು ಬಿಟ್ಟು ಮತ್ತೊಂದನ್ನು ಹಿಡಿದರೆ, ಮೊದಲಿನಿಂದ ಅದನ್ನು ಪ್ರೀತಿಸಿದ ಶ್ರೋತೃಗಳಿಗೆ ದ್ರೋಹವೆಸಗಿದಂತಾಗುವುದೆ? ಶಿವಮೊಗ್ಗ, ಭದ್ರಾವತಿಗಳ ತರುಣರಲ್ಲಿಯೂ ಹೆವಿ ಮೆಟಲ್ ಎಂಬ ಪಾಶ್ಚಾತ್ಯ ಸಂಗೀತವನ್ನು ಕೇಳುವವರುಂಟಾದ್ದರಿಂದ ಈ ಪ್ರಶ್ನೆ ವಿಚಾರಾರ್ಹವಾಗಿದೆ. ಅದರ ಗರ್ಜನೆ ಹಿರಿಯರ ಕಿವಿಗೆ ಹಿತವಲ್ಲದಿರಬಹುದು. ಅದು ಬೇರೆಯ ಮಾತು.

1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕ್ರಿಪ್ಟೋಸ್ ಮೇಳವೇ ಇದಕ್ಕೆ ನಿದರ್ಶನ. 2004ರ ‘ಸ್ಪೈರಲ್ ಅಸೆಂಟ್’ ಮೊದಲಾದ ಕೃತಿಗಳಲ್ಲಿ ವಕ್ರಗತಿಯ ದೀರ್ಘ ರಚನೆಗಳಿದ್ದುವು. 2016ರಲ್ಲಿ ‘ಬರ್ನ್ ಅಪ್ ದಿ ಸ್ಕೈ’ ಬಂದಾಗ ರಚನೆ ಋಜುವಾಯಿತು; 1980ರ ದಶಕದ ಹಳೆಯ ಮಾರ್ಗದ ಜೋಡಿ ಗಿಟಾರುಗಳ ಇಂಪು ಮುಂದಾಯಿತು. ಒರಟು ಕಂಠ ಮಾತ್ರ ಉಳಿಯಿತು.

ಸಾಂಖ್ಯರು ಇದನ್ನು ಪರಿಣಾಮವೆಂದಾರು. ಛಾಂದೋಗ್ಯದಲ್ಲಿ ಉದ್ದಾಲಕನು, ಒಂದು ಉಗುರುಗತ್ತರಿಯನ್ನು ತಿಳಿದರೆ ಕಬ್ಬಿಣದಿಂದಾದುದೆಲ್ಲವೂ ತಿಳಿಯಿತೆಂದು ಮಗನಿಗೆ ಬೋಧಿಸುತ್ತಾನೆ. ತತ್ತ್ವಕ್ಕೆ ಇದು ಸಾಕು, ವ್ಯವಹಾರಕ್ಕೆ ಸಾಲದು. ಉಗುರುಗತ್ತರಿ ಬೇಡಿದವನ ಕೈಗೆ ಕುಡುಗೋಲನ್ನಿತ್ತು, ಎರಡೂ ಕಬ್ಬಿಣವೇ ಎಂದರೆ ಅವನು ಒಪ್ಪುವನೆ?

ಭದ್ರಾವತಿಯ ಕಾರ್ಖಾನೆ 1923ರಲ್ಲಿ ಕಾಡಿನ ಸೌದೆಯ ಇದ್ದಿಲಿನಿಂದ ಬೀಡುಕಬ್ಬಿಣವನ್ನು ತೆಗೆಯತೊಡಗಿತು. ಮುಂದೆ 1930ರ ದಶಕದಲ್ಲಿ ಉಕ್ಕಿಗೆ ಕೈಹಾಕಿತು, ಅದರ ಹೆಸರಿನಲ್ಲಿಯೂ ಉಕ್ಕು ಸೇರಿತು. ಅದನ್ನು ದ್ರೋಹವೆನ್ನಲಾಗದು, ಬದಲಾವಣೆ ಬಹಿರಂಗವಾಗಿದ್ದಿತು. ಅದೇ ಮುದ್ರೆಯೊತ್ತಿ ಬೇರೆ ಗುಣದ ಲೋಹವನ್ನು ಗುಟ್ಟಾಗಿ ಮಾರಿದರೆ ಯಾರದೋ ಮನೆಯ ಮಾಡು ಕುಸಿದೀತು.

ಹಾಡು ತೊಲೆಯಲ್ಲ. ಹೊಸದು ಹಿಡಿಸದವನ ಮನೆಯಲ್ಲಿ ಹಳೆಯ ಮುದ್ರಿಕೆ ಮೊದಲಿನಂತೆಯೇ ಹಾಡುತ್ತಿರುತ್ತದೆ. ಕೊಟ್ಟ ಹಣಕ್ಕೆ ಋಣ ಅಲ್ಲಿಗೆ ತೀರಿತು. ಮಾರುಕಟ್ಟೆಗಾಗಿ ಬದಲಾದರೆಂದು ದೂರುವವರು ಇನ್ನೊಂದನ್ನು ಮರೆಯುತ್ತಾರೆ: ಗಿರಾಕಿ ತಪ್ಪಿಹೋದಾನೆಂಬ ಭಯದಿಂದ ಇಪ್ಪತ್ತು ವರ್ಷ ಒಂದನ್ನೇ ನುಡಿಸುವುದೂ ಮಾರುಕಟ್ಟೆಯ ಸೇವೆಯೇ. ಬೇಸತ್ತ ಕೈಯಿಂದ ಹೊರಟ ಹಳೆಯ ಧ್ವನಿಯನ್ನು ಹಳೆಯ ಹೆಸರಿನಲ್ಲಿ ಮಾರುವುದೇ ಮುದ್ರೆಯ ವಂಚನೆಗೆ ಹೆಚ್ಚು ಸಮೀಪವಾದುದು.

ಇಷ್ಟಾದರೂ ಒಂದು ಶಂಕೆ ಉಳಿಯುತ್ತದೆ. ಏಕಾಂಗಿಯಾದ ಹುಡುಗನೊಬ್ಬನು ರಾತ್ರಿ ಪಾಳಿ ಮುಗಿಸಿ ಬಂದು, ಆ ಹಾಡೊಂದರ ಬಲದಿಂದಲೇ ಮರುದಿನವನ್ನು ಎದುರಿಸುತ್ತಿದ್ದರೆ, ಅವನ ಪಾಲಿಗೆ ಅದು ತೊಲೆಯಲ್ಲವೆನ್ನಲು ಸಾಧ್ಯವೆ? ಅವನ ಅಳಲನ್ನು ಬಾಲಿಶವೆಂದು ನಗುವುದು ತರವಲ್ಲ. ಆದರೆ ಆ ಭಾರವನ್ನು ಹೊರುವೆವೆಂದು ಮೇಳದವರು ಎಂದೂ ಮಾತುಕೊಟ್ಟವರಲ್ಲ. ಅವನೊಬ್ಬನಿರುವನೆಂಬುದೂ ಅವರಿಗೆ ತಿಳಿಯದು.